ಸ್ಯಾಲ್‌ನ ಮೂಲೆಯ ಮೇಜಿನಲ್ಲಿ ಹೆಣ್ಣು ನೋಡಿದ್ದು

ಐರ್ಲೆಂಡಿನ ಕಾರ್ಕ್ ನಗರದ ನಮ್ಮ ಬಡಾವಣೆ ಡಗ್ಲಸ್ಸಿನ ಹಳೆಯ ರಸ್ತೆಯಿಂದ ಒಳಕ್ಕೆ ತಿರುಗುವ ಸಣ್ಣ ಓಣಿಯಲ್ಲಿ ಈಗೊಂದು ಕ್ಷೌರದಂಗಡಿ ಇದೆ. ನಮ್ಮ ಮಾಮೂಲಿ ಅಂಗಡಿ ಮುಚ್ಚಿತ್ತೆಂದು ಹೋದ ತಿಂಗಳು ಅಲ್ಲಿಗೆ ಹೋದೆ. ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ಕನ್ನಡಿಯ ಕಡೆ ತಿರುಗಿಸಿದ ಮೇಲೆ ಗೊತ್ತಾಯಿತು, ನಾನು ಕೂತಿರುವುದು ಸ್ಯಾಲ್‌ನ ಹೋಟೆಲಿನ ಮೂಲೆಯ ಮೇಜಿದ್ದ ಜಾಗದಲ್ಲಿ. ಗೋಡೆಗೆ ಬೂದು ಬಣ್ಣ ಬಳಿದಿದ್ದಾರೆ. ಅಡುಗೆಮನೆಗೆ ಹೋಗುವ ಬಾಗಿಲನ್ನು ಮುಚ್ಚಿ ಕಪಾಟು ಮಾಡಿದ್ದಾರೆ. ಎಷ್ಟು ಸಣ್ಣ ಮಾಡಲಿ ಎಂದು ಅಂಗಡಿಯವನು ಕೇಳಿದ. ನಾನು ಏನು ಹೇಳಿದೆನೋ ಗೊತ್ತಿಲ್ಲ, ಮನೆಗೆ ಬಂದಾಗ ನನ್ನ ಹೆಂಡತಿ ಶಾರದೆ ಬಾಗಿಲು ತೆಗೆದು, ಇದೇನು ತಿರುಪತಿಗೆ ಹೋಗಿ ಬಂದಿರಾ ಎಂದಳು.

ತಲೆ ಅಲ್ಲಿದ್ದರೂ ಮನಸ್ಸು ಕೊರೋನಾ ಬಂದ ಮೊದಲ ವರ್ಷದ ಡಿಸೆಂಬರಿಗೆ ಹೋಗಿತ್ತು. ನಂದಿನಿ ಎಂಬ ಪರಿಚಯದ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಆ ಮೂಲೆಗೇ.

ಮೊದಲು ಸ್ಯಾಲ್‌ನ ವಿಷಯ ಹೇಳುತ್ತೇನೆ. ಅವನು ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅವನ ಅಜ್ಜಿ ಇಟಲಿಯಿಂದ ಹಡಗು ಹತ್ತಿ ಅಲ್ಲಿಗೆ ಹೋದವಳು. ಕಾರ್ಕಿನ ಮೊರೀನ್ ಎಂಬ ಹುಡುಗಿ ಆ ಊರಿಗೆ ಕೆಲಸಕ್ಕೆ ಹೋಗಿದ್ದಾಗ ಇವನನ್ನು ಮದುವೆಯಾಗಿ, ಆಮೇಲೆ ತನ್ನ ಊರಿಗೇ ಕರೆದುಕೊಂಡು ಬಂದಳು. ಇಬ್ಬರೂ ಸೇರಿ ಈ ಓಣಿಯಲ್ಲಿ ಹೋಟೆಲ್ ಇಟ್ಟರು. ಕೆಂಪು ಬಿಳಿ ಚೌಕುಳಿಯ ಮೇಜುಬಟ್ಟೆ, ಕ್ರಿಕೆಟ್ ಚೆಂಡಿನ ಗಾತ್ರದ ಮಾಂಸದುಂಡೆ ಹಾಕಿದ ಸ್ಪಗೆಟಿ, ಒಬ್ಬರಿಗೆಂದು ಕೊಟ್ಟದ್ದನ್ನು ಇಬ್ಬರು ತಿನ್ನಬಹುದಾದ ತಟ್ಟೆಗಳು. ಒಮ್ಮೆ ರೋಮಿಗೆ ಹೋಗಿ ಬಂದ ಗಿರಾಕಿಯೊಬ್ಬರು, ಇದು ನಿಜವಾದ ಇಟಲಿಯ ಅಡುಗೆಯಲ್ಲ ಎಂದು ತಕರಾರು ತೆಗೆದರಂತೆ. ನಮ್ಮಜ್ಜಿಯೂ ರೋಮ್ ನೋಡಿದವಳಲ್ಲ ಎಂದು ಹೇಳಿ ಸ್ಯಾಲ್ ಒಳಗೆ ಹೋದನಂತೆ.

ಸಸ್ಯಾಹಾರಿಗಳಾದ ನಮಗೆ ಅಲ್ಲಿ ಬದನೆಕಾಯಿ ಇತ್ತು. ಬದನೆಕಾಯಿಯನ್ನು ಬಿಲ್ಲೆಗಳಾಗಿ ಕೊಯ್ದು, ಬ್ರೆಡ್ಡಿನ ಪುಡಿ ಮೆತ್ತಿ ಕರಿದು, ಟೊಮೆಟೊ ಗೊಜ್ಜು ಮತ್ತು ಚೀಸನ್ನು ಪದರ ಪದರವಾಗಿ ಹಾಕಿ ಓವನ್ನಿನಲ್ಲಿ ಬೇಯಿಸಿದ್ದು. ಬ್ರೆಡ್ಡಿನ ಪುಡಿ ಹತ್ತಲೆಂದು ಮೊಟ್ಟೆ ಹಚ್ಚುತ್ತಾರೆ ಎಂದು ಶಾರದೆಗೆ ಗೊತ್ತಾದ ಮೇಲೆ ಅವಳು ಕೈತೊಳೆದು ಎದ್ದುಬಿಟ್ಟಿದ್ದಳು. ಮುಂದಿನ ವಾರದಿಂದ ಸ್ಯಾಲ್ ಮೊಟ್ಟೆಯಿಲ್ಲದ ಒಂದು ಟ್ರೇ ಬೇರೆಯೇ ಮಾಡತೊಡಗಿದ. ಅಡುಗೆಮನೆಯಲ್ಲಿ ಅದಕ್ಕೆ ಮಿಸೆಸ್ ಟ್ರೇ ಎಂದೇ ಹೆಸರು. ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ.

ಆ ವರ್ಷದ ವಸಂತದಲ್ಲಿ ಎಲ್ಲವೂ ಮುಚ್ಚಿತು. ಸ್ಯಾಲ್ ಕಿಟಕಿ ತೆರೆದು ಅಲ್ಲಿಂದಲೇ ಡಬ್ಬಿಗಳನ್ನು ಕೊಡುತ್ತಿದ್ದ. ನಾವು ಓಣಿಯಲ್ಲಿ ದೂರ ದೂರ ನಿಂತು, ಸಣ್ಣ ಮಳೆಯಲ್ಲಿ ನೆನೆಯುತ್ತಾ ತೆಗೆದುಕೊಂಡು ಬರುತ್ತಿದ್ದೆವು. ನಂದಿನಿಯ ಪರಿಚಯವಾದದ್ದು ಆ ದಿನಗಳಲ್ಲೇ. ಚಿತ್ರದುರ್ಗದ ಹುಡುಗಿ, ಕಾರ್ಕಿಗೆ ಎಂಎಸ್ಸಿ ಓದಲು ಬಂದು, ಮುಗಿಸಿ, ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಊರಿಗೆ ಊರೇ ಮನೆಯೊಳಗೆ ಕೂತಿದ್ದಾಗ ಅವಳು ದಿನವೂ ಖಾಲಿ ಬಸ್ಸಿನಲ್ಲಿ ಹೋಗಿ, ಮೂಗಿನಿಂದ ತೆಗೆದ ಸ್ಯಾಂಪಲ್ಲುಗಳನ್ನು ಪರೀಕ್ಷೆ ಮಾಡಿ ಬರುತ್ತಿದ್ದಳು. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ. ಏಪ್ರಿಲಿನಲ್ಲಿ ಅವಳಿಗೇ ಜ್ವರ ಬಂತು. ಕನ್ನಡದವರ ಗುಂಪಿನಲ್ಲಿ ಯಾರೋ ಹಾಕಿದ ಮೆಸೇಜು ನೋಡಿ, ಶಾರದೆ ಅನ್ನ ಸಾರು ಮಾಡಿ ಅವಳ ಹೊಸ್ತಿಲ ಮೇಲಿಟ್ಟು, ಬೆಲ್ ಒತ್ತಿ ರಸ್ತೆಗೆ ಬಂದು ನಿಲ್ಲುತ್ತಿದ್ದಳು. ಹುಡುಗಿ ಬಾಗಿಲು ತೆಗೆದು ಕೈಮುಗಿಯುವುದು, ಇವಳು ದೂರದಿಂದಲೇ ಉಪ್ಪಿನಕಾಯಿ ಕೆಳಗಿನ ಡಬ್ಬಿಯಲ್ಲಿದೆ ಎಂದು ಕೂಗುವುದು, ಎದುರು ಮನೆಯ ಐರಿಶ್ ಮುದುಕ ಕಿಟಕಿಯಿಂದ ಇದನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸುವುದು, ಹೀಗೆ ನಡೆಯಿತು.

ಹುಡುಗಿಯ ತಾಯಿ ಗಿರಿಜಮ್ಮನವರು ನಮ್ಮ ನಂಬರು ಸಂಪಾದಿಸಿ ಅಂದಿನಿಂದ ದಿನವೂ ಫೋನ್ ಮಾಡತೊಡಗಿದರು. ನಾನು ಅವರಿಗೆ ಅಣ್ಣನಾದೆ. ಜ್ವರ ಬಿಟ್ಟು ಮಗಳು ಕೆಲಸಕ್ಕೆ ಹೋದರೂ ಅವರ ಭಯ ಬಿಡಲಿಲ್ಲ. ಒಬ್ಬಳೇ ಇದ್ದಾಳೆ, ರಾತ್ರಿ ಮೈ ಸುಟ್ಟರೆ ಒಂದು ಲೋಟ ಗಂಜಿ ಕಾಯಿಸಿ ಕೊಡುವವರಿಲ್ಲ, ಒಂದು ಜೊತೆಯಾಗಿಬಿಡಲಿ ಎಂಬುದೊಂದೇ ಮಾತು. ಚಳಿಗಾಲದ ಹೊತ್ತಿಗೆ ಒಂದು ಸಂಬಂಧವೂ ಬಂತು. ಹುಡುಗ ಪ್ರಸನ್ನ, ಮೈಸೂರಿನವನು, ಕಾರ್ಕ್ ಕೌಂಟಿಯಲ್ಲೇ ಮ್ಯಾಲೋ ಎಂಬ ಊರಿನಲ್ಲಿದ್ದುಕೊಂಡು ಔಷಧದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಜಾತಕ ಕೂಡಿತು. ಇಬ್ಬರೂ ಫೋನಿನಲ್ಲಿ ಮಾತನಾಡಿದರು. ಮಳೆ, ಕೆಲಸ, ಯಾವ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ ಎಂಬಲ್ಲಿಗೆ ಮಾತು ಮುಗಿಯಿತು.

ಮುಖತಃ ನೋಡುವುದು ಹೇಗೆ? ಆ ತಿಂಗಳ ಕಾನೂನು ವಿಚಿತ್ರವಾಗಿತ್ತು. ಬೇರೆ ಮನೆಯವರು ನಮ್ಮ ಮನೆಯೊಳಗೆ ಬರುವಂತಿರಲಿಲ್ಲ. ಆದರೆ ಕ್ರಿಸ್ಮಸ್ ಹಬ್ಬದ ಮುಂಚೆ ಕೆಲವು ವಾರ ಹೋಟೆಲುಗಳನ್ನು ತೆರೆದಿದ್ದರು. ನಮ್ಮ ನಡುಮನೆಯಲ್ಲಿ ಕೂರಬಾರದವರು ಸ್ಯಾಲ್‌ನ ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂರಬಹುದು, ಆರು ಜನ ಮೀರದಂತೆ, ಒಂದೂ ಮುಕ್ಕಾಲು ಗಂಟೆ. ಇದನ್ನು ಕೇಳಿ ನನ್ನ ಮಗಳು ಅನು, ಇಲ್ಲೇ ಹುಟ್ಟಿದವಳು, ತನ್ನ ಕಾರ್ಕಿನ ಉಚ್ಚಾರದಲ್ಲಿ, “ದಟ್ಸ್ ಗ್ರ್ಯಾಂಡ್, ಡ್ಯಾಡ್, ಪರೀಕ್ಷೆ ಥರ ಟೈಮ್ ಇದೆ,” ಎಂದಳು.

ಗಿರಿಜಮ್ಮ ನನಗೆ ಜವಾಬ್ದಾರಿ ವಹಿಸಿದರು. “ಅಣ್ಣಾ, ನಮ್ಮ ಜಾಗದಾಗೆ ನೀವು ಕೂತ್ಕಳ್ಳಿ. ಎಲ್ಲಾ ಸರಿ ಐತೆ ಅನ್ಸಿದ್ರೆ ಮಾತು ನೀವೇ ಕೊಟ್ಬಿಡಿ. ಆದ್ರೆ ಅದಕ್ಕಿಂತ ಮುಂಚೆ ಊಟ ಮಾತ್ರ ಬೇಡ. ತಿಂಡಿ ಕಾಫಿ ಸಾಕು.”

ಇದು ನನಗೆ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ನಾನು ಬೆಳೆದದ್ದು ಅಜ್ಜಿಯ ಮಗ್ಗುಲಲ್ಲಿ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೇಸರಿಭಾತು ಕೊಡಬಹುದು, ಕಾಫಿ ಕೊಡಬಹುದು, ಎಲೆ ಹಾಕಿ ಊಟಕ್ಕೆ ಕೂರಿಸಬಾರದು. ಊಟಕ್ಕೆ ಕೂತರೆ ಒಪ್ಪಿದ ಹಾಗೆ. ಆಮೇಲೆ ಬಾಯಿಬಿಟ್ಟು ಹೇಳುವ ಅಗತ್ಯವೂ ಇಲ್ಲ. ನಮ್ಮ ಸೋದರತ್ತೆಯನ್ನು ನೋಡಲು ಬಂದ ಒಂದು ಗುಂಪು ಮಧ್ಯಾಹ್ನವಾದರೂ ಏಳಲೇ ಇಲ್ಲವಂತೆ. ಅಜ್ಜಿಗೆ ಆ ಹುಡುಗ ಸುತರಾಂ ಇಷ್ಟವಿಲ್ಲ. ಒಳಗೆ ಸಾರು ಕುದಿಯುತ್ತಿದ್ದರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಎರಡನೆಯ ಸಲ ಉಪ್ಪಿಟ್ಟು ಕೆದಕಿ ತಂದು ಬಡಿಸಿದಳಂತೆ. ಅವರಿಗೆ ಅರ್ಥವಾಗಿ ಛತ್ರಿ ತೆಗೆದುಕೊಂಡು ಹೊರಟರಂತೆ.

ಇಷ್ಟು ತಿಳಿದ ನಾನು ಸ್ಯಾಲ್‌ನ ಹತ್ತಿರ ಹೋಗಿ, ಭಾನುವಾರ ಮೂಲೆಯ ಮೇಜು ಬೇಕು, ಬೆಳ್ಳುಳ್ಳಿ ಬ್ರೆಡ್ಡು, ಕರಿದ ಚೀಸು, ಕಾಫಿ ಇಷ್ಟೇ ಕೊಡು ಎಂದೆ. ಆಗುವುದಿಲ್ಲ ಎಂದ. ವೈನ್ ಮಾರುವ ಲೈಸೆನ್ಸು ಇದ್ದ ಕಡೆ ಕೂತವರು ಪೂರ್ತಿ ಊಟ ತೆಗೆದುಕೊಳ್ಳಲೇಬೇಕು, ಪೊಲೀಸರು ಬಂದು ತಟ್ಟೆ ನೋಡುತ್ತಾರೆ ಎಂದ. ನಾನು ನಮ್ಮ ಪದ್ಧತಿ ವಿವರಿಸಿದೆ. ಅವನು ಟವಲಿನಿಂದ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿ, ಅಂದರೆ ನಿಮ್ಮಲ್ಲಿ ಊಟ ಚೆನ್ನಾಗಿದ್ದರೆ ಮದುವೆಯಾಗಿಬಿಡುತ್ತದೆಯೇ ಎಂದು ಕೇಳಿದ. ಹಾಗಲ್ಲ ಎಂದೆ. ಕೊನೆಗೆ ರಾಜಿಯಾಯಿತು. ಅವನು ಊಟ ತಂದು ಮೇಜಿನ ಮೇಲಿಡುವುದು, ನಾವು ಮುಟ್ಟದೆ ಕೂತಿರುವುದು, ಏಳುವಾಗ ಡಬ್ಬಿಗೆ ಹಾಕಿಸಿಕೊಂಡು ಹೋಗುವುದು. ಆದರೆ ಬಿಸಿ ಊಟ ಆರುವುದನ್ನು ನೋಡಲು ತನ್ನಿಂದಾಗದು, ತಾನು ಒಳಗೇ ಇರುತ್ತೇನೆ ಎಂದ.

ಇನ್ನೊಂದು ಸಂಗತಿ ಇತ್ತು. ಮದುವೆಯಾದ ಮೇಲೆ ಹುಡುಗಿ ಆ ಲ್ಯಾಬಿನ ಕೆಲಸ ಬಿಡಬೇಕು, ರೋಗವನ್ನು ಮನೆಗೆ ಹೊತ್ತು ತರುವ ಕೆಲಸ ಬೇಡ ಎಂದು ಹುಡುಗನ ತಾಯಿ ಗಿರಿಜಮ್ಮನವರಿಗೆ ಹೇಳಿದ್ದರು. ಗಿರಿಜಮ್ಮ ಅದನ್ನು ಮಗಳಿಗೆ ಹೇಳದೆ ಶಾರದೆಯ ಕಿವಿಗೆ ಹಾಕಿದರು. ಶಾರದೆಯ ಹೊಟ್ಟೆಯಲ್ಲಿ ಅದು ಒಂದು ದಿನವೂ ನಿಲ್ಲಲಿಲ್ಲ. ನಂದಿನಿ ಕೇಳಿ ಸಿಟ್ಟಾಗಲಿಲ್ಲ. “ಅಮ್ಮಂದಿರು ಏನು ಮಾತಾಡ್ಕೊಂಡ್ರು ಅನ್ನೋದು ಬೇಡ ಆಂಟಿ. ಪ್ರಸನ್ನ ಅವರ ಬಾಯಿಂದಲೇ ಕೇಳ್ತೀನಿ,” ಎಂದಳು. ಜ್ವರದಿಂದ ಎದ್ದ ಮೂರನೆಯ ವಾರಕ್ಕೆ ಮತ್ತೆ ಲ್ಯಾಬಿನ ಅದೇ ಬೆಂಚಿನ ಮುಂದೆ ಹೋಗಿ ನಿಂತವಳು ಅವಳು. ಕೇಳದೆ ಬಿಡುವವಳಲ್ಲ ಎಂದು ನನಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ. ಮಳೆ ಅಡ್ಡಡ್ಡ ಬೀಳುತ್ತಿತ್ತು. ಗಾಳಿಯಾಡಲೆಂದು ಹೋಟೆಲಿನ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟದ್ದರಿಂದ ಜನ ಕೋಟು ಹಾಕಿಕೊಂಡೇ ತಿನ್ನುತ್ತಿದ್ದರು. ಪ್ರಸನ್ನ ತನ್ನ ಅಕ್ಕ ಸುಧಾಳ ಜೊತೆ ಬಂದ. ಎಲ್ಲರ ಮುಖಕ್ಕೂ ಮಾಸ್ಕು. ನಾನು, ಶಾರದೆ, ನಂದಿನಿ ಒಂದು ಕಡೆ, ಅವರಿಬ್ಬರು ಎದುರಿಗೆ. ಆರನೆಯ ಜಾಗದಲ್ಲಿ ನೀರಿನ ಜಗ್ಗಿಗೆ ಒರಗಿಸಿದ ನನ್ನ ಫೋನು, ಅದರಲ್ಲಿ ಮೇಲೊಬ್ಬರು ಕೆಳಗೊಬ್ಬರು ಇಬ್ಬರು ತಾಯಂದಿರು. ಅಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. ಇಬ್ಬರೂ ರೇಷ್ಮೆ ಸೀರೆ ಉಟ್ಟಿದ್ದರು.

ಮೊರೀನ್ ಬೆಳ್ಳುಳ್ಳಿ ಬ್ರೆಡ್ಡು ತಂದಿಟ್ಟಳು. ತಿನ್ನಬೇಕಾದರೆ ಮಾಸ್ಕು ತೆಗೆಯಬೇಕಲ್ಲ. ಹುಡುಗ ಹುಡುಗಿ ಇಬ್ಬರೂ ಒಟ್ಟಿಗೇ ಕಿವಿಗೆ ಕೈ ಹಾಕಿದರು. ಹೆಣ್ಣು ನೋಡುವುದು ಎಂದರೆ ನಾನು ಕಂಡಂತೆ ಹುಡುಗಿ ತಲೆ ತಗ್ಗಿಸಿ ಕಾಫಿ ತರುವುದು. ಇಲ್ಲಿ ಇಬ್ಬರ ಮುಖವೂ ಒಂದೇ ಗಳಿಗೆಯಲ್ಲಿ ತೆರೆಯಿತು, ಇಬ್ಬರೂ ಒಂದೇ ಅಳತೆಯಲ್ಲಿ ನಾಚಿಕೊಂಡರು. ನನಗೆ ಅದು ಹಿಡಿಸಿತು. ಹುಡುಗನೂ ಹಿಡಿಸಿದ. ಮೃದುವಾದ ಮಾತು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ರಾತ್ರಿ ಪಾಳಿ ಮುಗಿಸಿ ಮಲಗದೆ ಬಂದಿದ್ದನಂತೆ.

ತಾಯಂದಿರ ಮಾತು ಸರಾಗವಾಗಿ ಸಾಗಿತು. ಯಾರ ತವರು ಯಾವ ಊರು, ಯಾರ ಚಿಕ್ಕಪ್ಪ ಯಾರ ಜೊತೆ ಓದಿದವರು. ಅಷ್ಟರಲ್ಲಿ ಊಟ ಬಂತು. ಒಬ್ಬೊಬ್ಬರ ಮುಂದೆಯೂ ಮಿಸೆಸ್ ಟ್ರೇಯ ಬದನೆಕಾಯಿ, ಮೇಲೆ ಚೀಸು ಇನ್ನೂ ಗುಳ್ಳೆಯೇಳುತ್ತಿತ್ತು. ನಾನು ಸುಧಾಳಿಗೆ ಕಣ್ಣಲ್ಲೇ ಸೂಚನೆ ಕೊಟ್ಟೆ. ಅವಳಿಗೆ ಪದ್ಧತಿ ಗೊತ್ತಿತ್ತು, ತಲೆಯಾಡಿಸಿದಳು. ಆದರೆ ತಮ್ಮನಿಗೆ ಹೇಳಲು ಮರೆತಿದ್ದಳು. ಅವನು ಹೈಸ್ಕೂಲಿನಿಂದಲೂ ಹಾಸ್ಟೆಲಿನಲ್ಲಿ ಬೆಳೆದವನು. ತಟ್ಟೆ ಮುಂದೆ ಬಂದರೆ ತಿನ್ನಬೇಕು, ತಡಮಾಡಿದರೆ ಇನ್ನೊಬ್ಬರು ತಿನ್ನುತ್ತಾರೆ ಎಂಬುದಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ. ತಾಯಿಯ ಮಾತಿಗೆ ಹೂಂ ಎನ್ನುತ್ತಾ, ಫೋರ್ಕಿನಲ್ಲಿ ದೊಡ್ಡದೊಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ಸುಧಾ ಮೇಜಿನ ಕೆಳಗೆ ಕಾಲಿನಿಂದ ತಿವಿದಳು. ಅದು ತಗುಲಿದ್ದು ನನ್ನ ಮೊಣಕಾಲಿಗೆ. ಅವನು ಎರಡನೆಯ ತುತ್ತನ್ನೂ ತಿಂದ.

ಫೋನಿನಲ್ಲಿ ಮೈಸೂರಿನ ತಾಯಿ ಮಗನನ್ನೇ ನೋಡಿದರು, ಆಮೇಲೆ ಪಕ್ಕಕ್ಕೆ ತಿರುಗಿ ಯಾರಿಗೋ, ಊಟಕ್ಕೆ ಕೂತ ಕಣ್ರೀ ಎಂದರು. ಅವರ ಮುಖ ಅರಳಿತು. ಗಿರಿಜಮ್ಮ ಚೌಕಟ್ಟಿನಿಂದ ಎದ್ದು ಹೋದರು, ದೇವರ ಮನೆಯ ಗಂಟೆ ಕೇಳಿಸಿತು. ಮರಳಿ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕಡೆಯದು ಆಯಿತು, ಇನ್ನು ತಡವೇಕೆ, ನಮ್ಮ ಕಡೆಯ ಮಾತು ಕೊಟ್ಟುಬಿಡಿ ಅಣ್ಣಾ ಎಂದರು.

ಪ್ರಸನ್ನ ಏನಾಯಿತೆಂದು ತಿಳಿಯದೆ ಅಗಿಯುವುದನ್ನು ನಿಲ್ಲಿಸಿದ. ಶಾರದೆ ನನ್ನನ್ನು ನೋಡಿದಳು. ನಾನು ನಂದಿನಿಯನ್ನು ನೋಡಿದೆ. ಅವಳ ಎರಡು ಕೈಯೂ ತೊಡೆಯ ಮೇಲಿದ್ದವು. ತಟ್ಟೆಯಲ್ಲಿನ ಬದನೆಕಾಯಿಯ ಹಬೆ ಅಡಗಿ, ಚೀಸು ಬಿಗಿಯತೊಡಗಿತ್ತು. ನಾನೊಂದು ಮಾತು ಆಡಿದರೆ ಎರಡು ಊರಿನ ನೆಂಟರಿಷ್ಟರಿಗೆ ಸುದ್ದಿ ಮುಟ್ಟುತ್ತದೆ, ಆಮೇಲೆ ಈ ಹುಡುಗಿ ಕೇಳುವ ಪ್ರಶ್ನೆಗೆ ಯಾವ ಉತ್ತರ ಬಂದರೂ ಒಂದೇ.

“ಗಿರಿಜಮ್ಮಾ, ಹುಡುಗ ಊಟ ಮಾಡಿದ, ಅವರ ಕಡೆ ಒಪ್ಪಿದ ಹಾಗಾಯ್ತು,” ಎಂದೆ. “ನಮ್ಮ ಹುಡುಗಿ ಇನ್ನೂ ತುತ್ತು ಮುಟ್ಟಿಲ್ಲ.”

ಮೈಸೂರಿನ ತಾಯಿ ನಕ್ಕರು. “ಹುಡುಗಿ ಊಟಕ್ಕೆ ಯಾವ ಲೆಕ್ಕ ಹೇಳಿ. ಅವಳು ಅವಳ ಮನೇಲೇ ಉಣ್ತಾಳೆ. ಶಾಸ್ತ್ರ ಇರೋದು ಬಂದವರಿಗೆ.”

“ಇದು ಯಾರ ಮನೇನೂ ಅಲ್ಲ ತಾಯಿ, ಹೋಟ್ಲು. ಇಲ್ಲಿ ಎರಡು ಕಡೆಯವರೂ ಬಂದವರೇ.”

ಸುಧಾ ಬಗ್ಗಿ ನೀರು ಕುಡಿದಳು, ನಗು ಮುಚ್ಚಿಕೊಳ್ಳಲು ಇರಬೇಕು. ನಂದಿನಿ ಮೊದಲ ಸಲ ಬಾಯಿ ತೆರೆದು, “ಅಂಕಲ್, ಫೋನು ಒಂದು ನಿಮಿಷ ಆ ಕಡೆ ತಿರುಗಿಸ್ತೀರಾ,” ಎಂದಳು. ನಾನು ಅದನ್ನು ಗೋಡೆಗೆ ಮುಖ ಮಾಡಿಟ್ಟು, ದನಿಯನ್ನೂ ಮುಚ್ಚಿದೆ.

ಅವಳು ಸುತ್ತಿ ಬಳಸಿ ಕೇಳಲಿಲ್ಲ. ಲ್ಯಾಬಿನ ಕೆಲಸ ಬಿಡಬೇಕಂತೆ, ಅದು ನಿಮ್ಮ ಮಾತೋ ನಿಮ್ಮ ತಾಯಿಯವರ ಮಾತೋ ಎಂದಳು. ಪ್ರಸನ್ನ ಫೋರ್ಕು ಕೆಳಗಿಟ್ಟ. ಸುಳ್ಳು ಹೇಳುವ ಹುಡುಗನಲ್ಲ. ಅಮ್ಮನಿಗೆ ಉಬ್ಬಸವಿದೆ, ದಿನವೂ ಟಿವಿ ನೋಡಿ ಹೆದರಿದ್ದಾಳೆ, ಮುಂದೆ ಇಲ್ಲಿಗೆ ಬಂದು ನಮ್ಮ ಜೊತೆ ಇರುವವಳು ಎಂದೆಲ್ಲ ಹೇಳಿದ. ನಂದಿನಿ ಕಾದಳು.

“ಬಿಡಿಸ್ತೀನಿ ಅಂತ ಅಮ್ಮನಿಗೆ ಹೇಳಿದೀನಿ,” ಎಂದ. “ಆಗ ಅವಳನ್ನ ಸಮಾಧಾನ ಮಾಡ್ಬೇಕಿತ್ತು. ಮದುವೆ ಆದ್ಮೇಲೆ ನಿಮ್ಮ ಹತ್ರ ಮಾತಾಡಿ ಒಪ್ಪಿಸಬಹುದು ಅನ್ಕೊಂಡೆ.”

“ನಾನು ಒಪ್ಪದೇ ಇದ್ರೆ?”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದನ್ನು ಹೇಳಲೇಬೇಕು. ಕೊನೆಗೆ, ಅದರ ಬಗ್ಗೆ ನಾನು ಅಲ್ಲಿಯವರೆಗೆ ಯೋಚನೆ ಮಾಡಿರಲಿಲ್ಲ ಎಂದ.

ನಂದಿನಿ ತಟ್ಟೆಯನ್ನು ಎರಡು ಬೆರಳಿನಿಂದ ಸ್ವಲ್ಪ ಮುಂದಕ್ಕೆ ಸರಿಸಿದಳು. “ನೀವು ಒಳ್ಳೆಯವರು. ಆದ್ರೆ ನನ್ನ ಕೇಳದೆ ನನ್ನ ಪರವಾಗಿ ಒಪ್ಕೊಂಡುಬಿಟ್ಟಿದೀರಿ. ನನಗೆ ಇದು ಬೇಡ.”

ಮೇಜಿನಲ್ಲಿ ಯಾರೂ ದನಿ ಏರಿಸಲಿಲ್ಲ. ಪಕ್ಕದ ಮೇಜಿನ ಐರಿಶ್ ದಂಪತಿಗೆ ನಾವು ಬಿಲ್ಲು ಹಂಚಿಕೊಳ್ಳುವ ಮಾತಾಡುತ್ತಿದ್ದೇವೆ ಎನಿಸಿರಬೇಕು. ಸುಧಾ ತಮ್ಮನ ಬೆನ್ನು ತಟ್ಟಿ ಎದ್ದು, ಅಮ್ಮನಿಗೆ ನಾನು ಕಾರಿನಲ್ಲಿ ಹೇಳುತ್ತೇನೆ ಅಂಕಲ್, ಈಗ ಲೈನು ಕಟ್ಟಾಯಿತು ಅಂದುಕೊಳ್ಳಲಿ ಎಂದಳು. ನಂದಿನಿಗೆ, “ಒಳ್ಳೇದಾಗ್ಲಮ್ಮ,” ಎಂದಳು. ಪ್ರಸನ್ನ ಮಾಸ್ಕು ಹಾಕಿಕೊಂಡ. ಹೋಗುವ ಮುಂಚೆ ನನ್ನ ಕಡೆ ತಿರುಗಿ, ನಾನು ತಿನ್ನಬಾರದಿತ್ತಾ ಎಂದು ಮೆಲ್ಲಗೆ ಕೇಳಿದ. ಹಸಿದಿದ್ದೆಯಲ್ಲಪ್ಪ, ತಿಂದೆ, ಅದರಲ್ಲಿ ತಪ್ಪೇನಿಲ್ಲ ಎಂದೆ. ಇಬ್ಬರೂ ಮಳೆಗೆ ತಲೆ ತಗ್ಗಿಸಿ ಹೊರಟರು.

ಅಷ್ಟರಲ್ಲಿ ಸ್ಯಾಲ್ ಹೊರಗೆ ಬಂದ. ಖಾಲಿ ಕುರ್ಚಿಗಳನ್ನು, ನಮ್ಮ ಮುಖಗಳನ್ನು ನೋಡಿ ಏನು ಊಹಿಸಿದನೋ, ನಂದಿನಿಯ ಮುಂದಿದ್ದ ಆರಿದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದ. ಓವನ್ನಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ನಾನು ಫೋನನ್ನು ಈ ಕಡೆ ತಿರುಗಿಸಿ, ದನಿಯನ್ನೂ ತೆರೆದೆ. ಮೈಸೂರಿನ ಚೌಕ ಹೋಗಿತ್ತು. ಗಿರಿಜಮ್ಮ ಒಬ್ಬರೇ ಇದ್ದರು. ಅವರಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ ನಂದಿನಿಯೇ ಫೋನು ತೆಗೆದುಕೊಂಡು, ನಾನು ಬೇಡ ಅಂದೆ ಅಮ್ಮ ಎಂದಳು. ಕಾರಣವನ್ನೂ ಹೇಳಿದಳು. ಗಿರಿಜಮ್ಮನವರ ಹಿಂದೆಲ್ಲೋ ಕುಕ್ಕರು ಕೂಗಿತು, ಮತ್ತೆ ಕೂಗಿತು, ಅವರು ಏಳಲಿಲ್ಲ. ಶಾರದೆ ಹುಡುಗಿಯ ಮೊಣಕೈ ಹಿಡಿದುಕೊಂಡಿದ್ದಳು.

ಸ್ಯಾಲ್ ತಟ್ಟೆ ತಂದಿಟ್ಟ. ಚೀಸು ಮತ್ತೆ ಗುಳ್ಳೆಯೇಳುತ್ತಿತ್ತು. ನಂದಿನಿ ಅದನ್ನು ಮುಟ್ಟಲಿಲ್ಲ, ಫೋನನ್ನೇ ನೋಡುತ್ತಿದ್ದಳು.

“ಅವರು ಹೊಂಟೋದ್ರಾ?” ಎಂದು ಗಿರಿಜಮ್ಮ ಕೇಳಿದರು.

“ಹೂಂ.”

“ಬೆಳಿಗ್ಗಿಂದ ಏನಾನ ತಿಂದಿದೀಯಾ?”

ಇಲ್ಲ ಎಂದು ಅವಳು ತಲೆಯಾಡಿಸಿದಳು.

“ಮತ್ತಿನ್ಯಾಕೆ ಸುಮ್ನೆ ಕೂತಿದೀಯ. ಊಟ ಮಾಡು.”

ನಂದಿನಿ ಫೋನನ್ನು ಜಗ್ಗಿಗೆ ಒರಗಿಸಿ, ಫೋರ್ಕು ತೆಗೆದುಕೊಂಡಳು. ಮೊದಲ ತುತ್ತು ಬಾಯಿ ಸುಟ್ಟಿತು, ಕೈಯಿಂದ ಗಾಳಿ ಹಾಕಿಕೊಂಡಳು. ಅಲ್ಲಿಂದ ತಾಯಿ, ಆರಿಸಿಕೊಂಡು ತಿನ್ನು ಎಂದರು. ನಾವೂ ನಮ್ಮ ತಟ್ಟೆಗಳನ್ನು ಹತ್ತಿರ ಎಳೆದುಕೊಂಡೆವು. ಸ್ವಲ್ಪ ಹೊತ್ತಾದ ಮೇಲೆ ಅದೇನು ಎಂದು ಗಿರಿಜಮ್ಮ ಕೇಳಿದರು. ಬದನೆಕಾಯಿ ಎಂದಳು. ಎಣ್ಣೆಗಾಯಿ ಥರವೇ ಎಂದು ಕೇಳಿದರು. ಅಲ್ಲಮ್ಮ, ಇದು ಬೇರೆ ಎಂದಳು. ಉಪ್ಪು ಸರಿಯಾಗಿದೆಯೇ ಎಂದು ಕೇಳಿದರು.

“ಒಂಚೂರು ಕಮ್ಮಿ.”

“ಅಣ್ಣಾ, ಅವರತ್ರ ಒಂಚೂರು ಉಪ್ಪು ಇಸ್ಕೊಡ್ರಿ ಅವಳಿಗೆ.”

ಆ ದಿನಗಳಲ್ಲಿ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುತ್ತಿರಲಿಲ್ಲ. ನಾನು ಮಾಸ್ಕು ಹಾಕಿಕೊಂಡು ಎದ್ದು, ಕೇಳಿ ತರಲು ಅಡುಗೆಮನೆಯ ಬಾಗಿಲಿಗೆ ಹೋದೆ.